ಕಡಲಂಚಿನ ಮನೆಯೂ ಅಪರಾಧದ ಲೆಕ್ಕವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗಿನ ಮಹಾನಗರಗಳಲ್ಲಿ ಮನೆ ಕಟ್ಟುವವರಿಗಿಂತ ಕಟ್ಟಿದ್ದನ್ನು ಕೊಳ್ಳುವವರೇ ಹೆಚ್ಚು. ಬೆಲೆ, ಬಸ್ಸು, ಶಾಲೆ ಎಲ್ಲವನ್ನೂ ವಿಚಾರಿಸಿದ ಮೇಲೆ ಅವರು ಕೇಳುವ ಇನ್ನೊಂದು ಪ್ರಶ್ನೆ: ‘ಅಲ್ಲಿ ಕಳ್ಳಕಾಕರ ಕಾಟವಿಲ್ಲ ತಾನೆ?’ ಇದಕ್ಕೆ ಅಂಕಿಸಂಖ್ಯೆಯಲ್ಲಿ ಉತ್ತರ ಹುಡುಕುವವರು ಆಸ್ಟ್ರೇಲಿಯಾದ ಸಿಡ್ನಿ ನಗರದ ಪಿರ್ಮಾಂಟ್ ಬಡಾವಣೆಯನ್ನು ಒಮ್ಮೆ ಗಮನಿಸಬೇಕು.

ಮೂರು ಕಡೆ ನೀರಿರುವ ಪಿರ್ಮಾಂಟ್ ನಗರದ ಹೃದಯಭಾಗಕ್ಕೆ ಅಂಟಿಕೊಂಡೇ ಇದೆ. ಹಿಂದೆ ಇಲ್ಲಿ ಕಲ್ಲುಗಣಿ, ಸಕ್ಕರೆ ಕಾರ್ಖಾನೆ, ಉಣ್ಣೆಯ ಉಗ್ರಾಣ, ವಿದ್ಯುತ್ ಸ್ಥಾವರಗಳಿದ್ದವು. ಅವು ಒಂದೊಂದಾಗಿ ಮುಚ್ಚಿದ ಮೇಲೆ, 1990ರ ದಶಕದಿಂದೀಚೆಗೆ ಬಹುಮಹಡಿ ಮನೆಗಳು ಎದ್ದವು. ಹಳೆಯ ವಿದ್ಯುತ್ ಸ್ಥಾವರದ ಜಾಗದಲ್ಲಿ 1997ರಲ್ಲಿ ದೊಡ್ಡ ಕ್ಯಾಸಿನೊ ತೆರೆಯಿತು. ಪಕ್ಕದ ಅಲ್ಟಿಮೊದಲ್ಲಿ ವಿಶ್ವವಿದ್ಯಾಲಯವಿರುವುದರಿಂದ ವಿದ್ಯಾರ್ಥಿಗಳೂ ಇಲ್ಲಿ ಬಾಡಿಗೆಗಿರುತ್ತಾರೆ.

ಆ ರಾಜ್ಯದಲ್ಲಿ 1969ರಲ್ಲಿ ಸ್ಥಾಪನೆಯಾದ ಅಪರಾಧ ಅಂಕಿಅಂಶ ಸಂಸ್ಥೆಯೊಂದಿದೆ. ಒಂದು ಲಕ್ಷ ನಿವಾಸಿಗಳಿಗೆ ಎಷ್ಟು ಅಪರಾಧ ಎಂಬ ದರವನ್ನು ಅದು ಪ್ರದೇಶವಾರು ಪ್ರಕಟಿಸುತ್ತದೆ. ಈ ದರ ನೋಡಿ ಬೆಚ್ಚಿಬೀಳುವ ಮೊದಲು ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಒಂದು ಬಡಾವಣೆಯಲ್ಲಿ 12,000 ಜನ ವಾಸವಾಗಿದ್ದಾರೆ, ವರ್ಷಕ್ಕೆ 240 ಕಳವು ನಡೆದಿವೆ ಎಂದಿಟ್ಟುಕೊಳ್ಳಿ. ದರ ಲಕ್ಷಕ್ಕೆ 2,000. ಆದರೆ ಕೆಲಸಕ್ಕೆ, ಊಟಕ್ಕೆ, ಮೋಜಿಗೆ ದಿನಕ್ಕೆ 36,000 ಜನ ಹೊರಗಿನಿಂದ ಬರುತ್ತಿದ್ದರೆ? ಆಗ ಅಲ್ಲಿರುವವರು 48,000. ದರ 500ಕ್ಕೆ ಇಳಿಯುತ್ತದೆ. ಕಳವು ಅಷ್ಟೇ, ಭಾಗಿಸಿದ ಸಂಖ್ಯೆ ಮಾತ್ರ ಬೇರೆ. ಹೊರಗಿನವರು ಹೆಚ್ಚಾಗಿ ಬರುವ ಸಿಡ್ನಿಯ ನಡುಭಾಗದ ದರವನ್ನು ಎಚ್ಚರಿಕೆಯಿಂದ ಓದಬೇಕೆಂದು ಆ ಸಂಸ್ಥೆಯೇ ಹೇಳುತ್ತದೆ.

ಹಾಗೆಂದು ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. ಕುಡಿದು ಹೊಡೆದಾಡುವುದನ್ನು ತಡೆಯಲು ಸರ್ಕಾರ 2014ರಲ್ಲಿ ನಗರದ ನಡುಭಾಗ ಮತ್ತು ಕಿಂಗ್ಸ್ ಕ್ರಾಸ್‌ನಲ್ಲಿ ರಾತ್ರಿ 1.30ರ ನಂತರ ಮದ್ಯದಂಗಡಿಗಳಿಗೆ ಹೊಸಬರ ಪ್ರವೇಶವನ್ನೂ, 3 ಗಂಟೆಯ ನಂತರ ಮದ್ಯ ಮಾರಾಟವನ್ನೂ ನಿಷೇಧಿಸಿತು. ಪಿರ್ಮಾಂಟ್‌ನ ಕ್ಯಾಸಿನೊ ಈ ಗೆರೆಯ ಹೊರಗೆ ಉಳಿಯಿತು. ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಲ್ಲೆಗಳು ಕಿಂಗ್ಸ್ ಕ್ರಾಸ್‌ನಲ್ಲಿ ಶೇ. 49ರಷ್ಟು, ನಗರದ ನಡುಭಾಗದಲ್ಲಿ ಶೇ. 13ರಷ್ಟು ಇಳಿದವು. ಆದರೆ ಕ್ಯಾಸಿನೊ ಸೇರಿದಂತೆ ಅಕ್ಕಪಕ್ಕದ ಪ್ರದೇಶಗಳಲ್ಲಿ ಶೇ. 12ರಷ್ಟು ಏರಿದವು. ಹೊಸಬರ ಪ್ರವೇಶದ ಮೇಲಿನ ನಿರ್ಬಂಧ ನಗರದ ನಡುಭಾಗದಲ್ಲಿ 2020ರಲ್ಲಿ, ಕಿಂಗ್ಸ್ ಕ್ರಾಸ್‌ನಲ್ಲಿ 2021ರಲ್ಲಿ ರದ್ದಾಯಿತು. ನೆರೆಯ ಬೀದಿಯ ಕಾನೂನು ಬದಲಾದರೆ ನಮ್ಮ ಬೀದಿಯ ರಾತ್ರಿಯೂ ಬದಲಾಗಬಹುದು ಎಂಬುದನ್ನು ಕೊಳ್ಳುವವರು ಮರೆಯಬಾರದು.

ಹಾಗಾದರೆ ಏನನ್ನು ನೋಡಬೇಕು? ಮೊದಲನೆಯದಾಗಿ, ಒಟ್ಟು ಸಂಖ್ಯೆಯನ್ನು ಬಿಟ್ಟು ಅಪರಾಧದ ಬಗೆಯನ್ನು ನೋಡಬೇಕು. ಮನೆಗೆ ಕನ್ನ, ಕಾರಿನೊಳಗಿನ ಕಳವು, ಮದ್ಯದಂಗಡಿ ಮುಂದಿನ ಹೊಡೆದಾಟ ಇವೆಲ್ಲ ಒಂದೇ ಅಲ್ಲ. ಎರಡನೆಯದಾಗಿ, ಒಂದು ವರ್ಷದ ಅಂಕಿ ಸಾಲದು. ಐದು ವರ್ಷದ ಏರಿಳಿತ ನೋಡಬೇಕು. ಮೂರನೆಯದಾಗಿ, ಅಲ್ಲಿ ಮಾಲೀಕರ ಸಂಘದ ದಾಖಲೆಗಳನ್ನು, ಮಾರುವವರ ಒಪ್ಪಿಗೆ ಪಡೆದು ಶುಲ್ಕ ಕಟ್ಟಿ, ಪರಿಶೀಲಿಸಬಹುದು. ನೆಲಮಾಳಿಗೆಯ ಬಾಗಿಲು ಎಷ್ಟು ಸಲ ಮುರಿದಿದೆ, ಸೈಕಲ್ ಕಳವಿನ ದೂರು ಎಷ್ಟು ಬಂದಿವೆ ಎಂಬುದು ಸಭೆಯ ನಡಾವಳಿಯಲ್ಲಿ ಸಿಕ್ಕರೂ ಸಿಕ್ಕೀತು. ಜಾಹೀರಾತಿನಲ್ಲಂತೂ ಇರುವುದಿಲ್ಲ.

ಕೊನೆಯದು ಕಾಲಿನ ಕೆಲಸ. ಮನೆ ತೋರಿಸುವವರು ಬೆಳಗಿನ ಬಿಸಿಲಲ್ಲಿ, ಅಲೆ ಹೊಳೆಯುವಾಗ ತೋರಿಸುತ್ತಾರೆ. ಶನಿವಾರ ರಾತ್ರಿ ಹನ್ನೊಂದಕ್ಕೆ ಟ್ರಾಮ್ ನಿಲ್ದಾಣದಿಂದ ಆ ಮನೆಯ ಬಾಗಿಲವರೆಗೆ ಒಬ್ಬರು ಜೊತೆಗಾರರೊಡನೆ ನಡೆದು ನೋಡಬೇಕು. ದೀಪ ಉರಿಯುತ್ತಿದೆಯೇ, ಜನ ಓಡಾಡುತ್ತಿದ್ದಾರೆಯೇ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆಯೇ ಎಂದು ಗಮನಿಸಬೇಕು.

ಮಗನನ್ನೋ ಮಗಳನ್ನೋ ಓದಲು ಕಳಿಸುವ ತಂದೆತಾಯಿಗಳು ‘ಆ ಏರಿಯಾ ಒಳ್ಳೆಯದೇ?’ ಎಂದು ಕೇಳುವುದಕ್ಕಿಂತ, ‘ರಾತ್ರಿ ಗ್ರಂಥಾಲಯದಿಂದ ಯಾವ ದಾರಿಯಲ್ಲಿ ಬರುತ್ತೀ?’ ಎಂದು ಕೇಳುವುದು ಮೇಲು. ಆಸ್ಟ್ರೇಲಿಯಾದಲ್ಲಿ ತುರ್ತು ಕರೆಯ ಸಂಖ್ಯೆ 000 ಎಂಬುದನ್ನು ಹೊರಡುವ ಮೊದಲೇ ಬಾಯಿಪಾಠ ಮಾಡಿಸಿರಲಿ.