ಕಿರುವಿಡಿಯೋ ವೇದಿಕೆಗಳ ಆಯ್ಕೆ: ವೀಕ್ಷಣೆಯ ಲೆಕ್ಕವೋ, ವಹಿವಾಟಿನ ಲೆಕ್ಕವೋ?

ಹೊಸದಾಗಿ ವ್ಯಾಪಾರ ಆರಂಭಿಸುವವನು ಮಳಿಗೆಯು ಯಾವ ಬೀದಿಯಲ್ಲಿದೆ ಎಂಬುದನ್ನು ಮೊದಲು ನೋಡುತ್ತಾನೆ. ಅನುಭವಿಯಾದವನು ಬೀದಿಯ ಜೊತೆಗೆ ಬಾಡಿಗೆ ಕರಾರನ್ನೂ ಓದುತ್ತಾನೆ. ಜನಸಂದಣಿ ಎಷ್ಟೇ ಇರಲಿ, ಮಾಲೀಕನು ಯಾವ ದಿನ ಬೇಕಾದರೂ ಬೀಗ ಹಾಕಬಹುದಾದ ಮಳಿಗೆಯಲ್ಲಿ ಯಾವ ವರ್ತಕನೂ ತನ್ನ ಸರ್ವಸ್ವವನ್ನು ಹೂಡುವುದಿಲ್ಲ. ಆದರೆ ಕಂಟೆಂಟ್ ಕ್ರಿಯೇಟರ್ ಎಂಬ ಹೆಸರಿನಲ್ಲಿ ಕಿರುವಿಡಿಯೋ ನಿರ್ಮಾಣವನ್ನೇ ಜೀವನೋಪಾಯವಾಗಿ ಆರಿಸಿಕೊಳ್ಳುತ್ತಿರುವ ಯುವಜನರಲ್ಲಿ ಅನೇಕರು ಕರಾರನ್ನು ಓದದೆಯೇ ಅಂಗಡಿ ತೆರೆಯುತ್ತಿದ್ದಾರೆ. ಯಾವ ವೇದಿಕೆಯಲ್ಲಿ ಹೆಚ್ಚು ವೀಕ್ಷಣೆ ದೊರೆಯುತ್ತದೆ ಎಂಬ ಒಂದೇ ಪ್ರಶ್ನೆ ಅವರ ಮುಂದಿರುತ್ತದೆ. ವಾಣಿಜ್ಯದ ದೃಷ್ಟಿಯಿಂದ ಇದು ಅಪೂರ್ಣವಾದ ಪ್ರಶ್ನೆ.

ಈ ಮಾತಿಗೆ ನಮ್ಮ ದೇಶದಲ್ಲೇ ನಿದರ್ಶನವಿದೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 69-ಎ ಕಲಮಿನನ್ವಯ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ರಾಷ್ಟ್ರದ ಭದ್ರತೆಯ ದೃಷ್ಟಿಯಿಂದ ಕೈಗೊಂಡ ಆ ತೀರ್ಮಾನದ ಔಚಿತ್ಯ ಇಲ್ಲಿ ಚರ್ಚೆಯ ವಿಷಯವಲ್ಲ. ಲಕ್ಷಾಂತರ ಅನುಯಾಯಿಗಳನ್ನು ಹೊಂದಿದ್ದ ನಿರ್ಮಾಪಕನು ಒಂದೆರಡು ದಿನಗಳಲ್ಲಿ ಬರಿಗೈಯವನಾದನೆಂಬುದಷ್ಟೇ ಇಲ್ಲಿ ಪ್ರಸ್ತುತ. ಅನುಯಾಯಿಗಳ ವಿಳಾಸವಾಗಲೀ ದೂರವಾಣಿ ಸಂಖ್ಯೆಯಾಗಲೀ ಅವನ ಬಳಿ ಇರಲಿಲ್ಲ. ಅವೆಲ್ಲವೂ ವೇದಿಕೆಯ ಸ್ವತ್ತಾಗಿದ್ದವು.

ವೇದಿಕೆ ಮುಚ್ಚಲು ಸರ್ಕಾರದ ಆದೇಶವೇ ಬೇಕೆಂದೇನೂ ಇಲ್ಲ. ಆರು ಸೆಕೆಂಡುಗಳ ವಿಡಿಯೋಗಳಿಂದ ಅಮೆರಿಕದಲ್ಲಿ ಮನೆಮಾತಾಗಿದ್ದ ವೈನ್ 2013ರಲ್ಲಿ ಆರಂಭವಾಗಿ, 2016ರ ಅಕ್ಟೋಬರ್‌ನಲ್ಲಿ ಮುಚ್ಚುವ ಘೋಷಣೆಗೆ ಒಳಗಾಯಿತು. ಅದನ್ನು ಮುಚ್ಚಿದ್ದು ಅದರ ಒಡೆತನ ಹೊಂದಿದ್ದ ಟ್ವಿಟ್ಟರ್ ಸಂಸ್ಥೆಯೇ. ಜನಪ್ರಿಯತೆ ಇದ್ದೂ ಆದಾಯದ ಮಾರ್ಗ ಗಟ್ಟಿಯಾಗಿರದಿದ್ದರೆ ವೇದಿಕೆಯೂ ಉಳಿಯದು, ಅದನ್ನು ನೆಚ್ಚಿದವರೂ ಉಳಿಯರು.

ಆದಾಯದ ಮೂಲ ಯಾವುದು?

ಟಿಕ್‌ಟಾಕ್ ತೆರವುಗೊಳಿಸಿದ ಸ್ಥಾನಕ್ಕೆ 2020ರಲ್ಲೇ ಹಲವು ವೇದಿಕೆಗಳು ಧಾವಿಸಿದವು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ನಮ್ಮ ಬೆಂಗಳೂರಿನಿಂದಲೇ ಶೇರ್‌ಚಾಟ್‌ನ ಮೋಜ್ ಮತ್ತು ಡೈಲಿಹಂಟ್‌ನ ಜೋಶ್ ಹೊರಬಂದವು. ಇವುಗಳಲ್ಲಿ ನಿರ್ಮಾಪಕನಿಗೆ ಹಣ ಬರುವ ಬಗೆ ಒಂದೇ ರೀತಿಯದಲ್ಲ.

ಯೂಟ್ಯೂಬ್ ಸಂಸ್ಥೆಯು 2023ರ ಫೆಬ್ರುವರಿ 1ರಿಂದ ಶಾರ್ಟ್ಸ್‌ನ ಜಾಹೀರಾತು ಆದಾಯವನ್ನು ಹಂಚಿಕೊಳ್ಳುತ್ತಿದೆ. ಶಾರ್ಟ್ಸ್‌ಗಳ ನಡುವೆ ಬರುವ ಜಾಹೀರಾತುಗಳ ಹಣವನ್ನು ಪ್ರತಿ ತಿಂಗಳು ಒಟ್ಟುಗೂಡಿಸಿ, ಸಂಗೀತದ ಹಕ್ಕುದಾರರ ಭಾಗವನ್ನು ತೆಗೆದಿರಿಸಿ, ಉಳಿದುದನ್ನು ವೀಕ್ಷಣೆಯ ಪ್ರಮಾಣಕ್ಕನುಗುಣವಾಗಿ ನಿರ್ಮಾಪಕರ ಹೆಸರಿಗೆ ವಿಂಗಡಿಸಲಾಗುತ್ತದೆ. ಹಾಗೆ ವಿಂಗಡಿಸಿದ ಮೊತ್ತದಲ್ಲಿ ಶೇಕಡಾ 45 ನಿರ್ಮಾಪಕನದು. ದೀರ್ಘ ವಿಡಿಯೋಗಳ ಜಾಹೀರಾತಿನಲ್ಲಿ ಈ ಪಾಲು ಶೇಕಡಾ 55. ಹಾಡನ್ನು ಬಳಸಿದ ಮಾತ್ರಕ್ಕೆ ತನ್ನ ಪಾಲಿನ ದರ ಇಳಿಯುತ್ತದೆಂಬ ನಂಬಿಕೆ ಸರಿಯಲ್ಲ. ಹಾಡು ಬಳಸಿದರೂ ಬಿಟ್ಟರೂ ದರ ಶೇಕಡಾ 45 ಆಗಿಯೇ ಇರುತ್ತದೆ, ಕಡಿಮೆಯಾಗುವುದು ಎಲ್ಲ ನಿರ್ಮಾಪಕರ ಸಾಮೂಹಿಕ ನಿಧಿ. ಈ ಪಾಲಿಗೆ ಅರ್ಹನಾಗಲು 1,000 ಚಂದಾದಾರರೊಂದಿಗೆ, ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಇರಬೇಕು. ಮಾನದಂಡ ಕಠಿಣವಾದರೂ ಲಿಖಿತವಾಗಿದೆ, ಎಲ್ಲರಿಗೂ ಒಂದೇ ಆಗಿದೆ.

ರೀಲ್ಸ್‌ನ ಸ್ವರೂಪ ಬೇರೆ. ಅಲ್ಲಿ ನಿರ್ಮಾಪಕನ ಮುಖ್ಯ ಆದಾಯ ಬರುವುದು ವೇದಿಕೆಯಿಂದಲ್ಲ, ಪ್ರಚಾರ ಬಯಸುವ ಕಂಪನಿಗಳಿಂದ ಮತ್ತು ಸ್ವಂತ ಸರಕಿನ ಮಾರಾಟದಿಂದ. ಸೀರೆ, ಆಭರಣ, ತಿಂಡಿ ತಿನಿಸು, ಪ್ರವಾಸ ಮುಂತಾದ ಕಣ್ಣಿಗೆ ಕಟ್ಟುವ ವಸ್ತುಗಳಿಗೆ ಇದು ಉತ್ತಮ ಪ್ರದರ್ಶನ ಕಪಾಟು. ಆದರೆ ಕಪಾಟಿನ ಮುಂದೆ ನಿಂತವರೆಲ್ಲ ಗಿರಾಕಿಗಳಲ್ಲ. ಗಿರಾಕಿಯನ್ನು ಹುಡುಕುವ, ದರ ಕುದುರಿಸುವ, ಬಾಕಿ ವಸೂಲು ಮಾಡುವ ಹೊರೆಯೆಲ್ಲ ನಿರ್ಮಾಪಕನ ಮೇಲೆಯೇ ಇರುತ್ತದೆ.

ದೇಶೀಯ ವೇದಿಕೆಗಳು ಕನ್ನಡದಂತಹ ಭಾಷೆಗಳಿಗೆ ಆರಂಭದಿಂದಲೇ ಸ್ಥಾನ ನೀಡಿದುದು ಅಭಿನಂದನೀಯ. ಆದರೆ ಅವು ಬೆಳೆದದ್ದು ಬಹುಮಟ್ಟಿಗೆ ಹೂಡಿಕೆದಾರರ ಬಂಡವಾಳದ ಬಲದಿಂದ. 2022ರ ಫೆಬ್ರುವರಿಯಲ್ಲಿ ಎಂಎಕ್ಸ್ ಟಕಾಟಕ್ ವೇದಿಕೆಯನ್ನು ಮೋಜ್‌ನ ಮಾತೃಸಂಸ್ಥೆಯೇ ಕೊಂಡುಕೊಂಡಿತು. ಎರಡು ವರ್ಷವೂ ತುಂಬುವ ಮುನ್ನ ಮಳಿಗೆಯ ಒಡೆಯರು ಬದಲಾದರು. ಹೂಡಿಕೆದಾರರ ಹಣದಿಂದ ನೀಡುವ ಪ್ರೋತ್ಸಾಹಧನವನ್ನು ನಿಯತ ಆದಾಯವೆಂದು ಭಾವಿಸಿ ಸಾಲದ ಮೇಲೆ ಕ್ಯಾಮೆರಾ, ದೀಪ, ಬಾಡಿಗೆ ಕೊಠಡಿಗಳನ್ನು ಸಜ್ಜುಗೊಳಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ತೆರಿಗೆಯ ದೃಷ್ಟಿಯಲ್ಲಿ

ವೇದಿಕೆಯನ್ನು ಆರಿಸುವಾಗ ತೆರಿಗೆಯ ವಿಚಾರವನ್ನು ಬಹುತೇಕರು ಕೊನೆಗೆ ನೆನೆಯುತ್ತಾರೆ. ಯೂಟ್ಯೂಬ್ 2021ರ ಜೂನ್‌ನಿಂದ ಅಮೆರಿಕದ ವೀಕ್ಷಕರಿಂದ ಬಂದ ಆದಾಯದ ಮೇಲೆ ಆ ದೇಶದ ತೆರಿಗೆಯನ್ನು ಕಡಿತಗೊಳಿಸುತ್ತಿದೆ. ಒಬ್ಬ ಕನ್ನಡ ನಿರ್ಮಾಪಕನ ತಿಂಗಳ ಒಟ್ಟು ಆದಾಯ 1,000 ಡಾಲರ್, ಅದರಲ್ಲಿ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದ ಬಂದುದು 100 ಡಾಲರ್ ಎಂದು ಭಾವಿಸಬಹುದು. ತೆರಿಗೆ ಮಾಹಿತಿಯ ನಮೂನೆಯನ್ನು ಸರಿಯಾಗಿ ಸಲ್ಲಿಸಿದ್ದರೆ, ಭಾರತ-ಅಮೆರಿಕ ತೆರಿಗೆ ಒಪ್ಪಂದದನ್ವಯ ಆ 100 ಡಾಲರ್‌ಗೆ ಮಾತ್ರ ಶೇಕಡಾ 15ರಂತೆ 15 ಡಾಲರ್ ಕಡಿತವಾಗುತ್ತದೆ. ಸಲ್ಲಿಸದಿದ್ದರೆ ಇಡೀ ಸಾವಿರ ಡಾಲರ್‌ಗೆ ಶೇಕಡಾ 24ರವರೆಗೆ, ಅಂದರೆ 240 ಡಾಲರ್ ಹೋಗಬಹುದು. ಒಂದು ನಮೂನೆಯ ಅಲಕ್ಷ್ಯಕ್ಕೆ 225 ಡಾಲರ್ ದಂಡ ತೆತ್ತಂತೆ!

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿಯೂ ವ್ಯತ್ಯಾಸವಿದೆ. ವಿದೇಶಿ ಸಂಸ್ಥೆಯಿಂದ ವಿದೇಶಿ ವಿನಿಮಯದಲ್ಲಿ ಬರುವ ಜಾಹೀರಾತು ಪಾಲು, ನಿಯಮಗಳನ್ನು ಪೂರೈಸಿದಲ್ಲಿ, ಸೇವೆಯ ರಫ್ತೆಂದು ಶೂನ್ಯ ದರಕ್ಕೆ ಒಳಪಡುತ್ತದೆ. ಇಲ್ಲಿಯ ಕಂಪನಿಗೆ ಮಾಡಿಕೊಟ್ಟ ಪ್ರಚಾರಕ್ಕೆ, ನೋಂದಣಿ ಪಡೆದವನು ಶೇಕಡಾ 18 ತೆರಿಗೆ ವಿಧಿಸಬೇಕು. ಕರ್ನಾಟಕದಲ್ಲಿ ಸೇವೆಗಳಿಗಿರುವ 20 ಲಕ್ಷ ರೂಪಾಯಿಗಳ ನೋಂದಣಿ ಮಿತಿಯನ್ನು ಲೆಕ್ಕ ಹಾಕುವಾಗ ರಫ್ತಿನ ಮೊತ್ತವೂ ಸೇರುತ್ತದೆ ಎಂಬುದನ್ನು ಮರೆಯಲಾಗದು.

ಹಣದ ಬದಲು ವಸ್ತುವನ್ನು ಪಡೆಯುವ ರೂಢಿ ರೀಲ್ಸ್ ವಲಯದಲ್ಲಿ ಸಾಮಾನ್ಯ. 2022ರ ಜುಲೈ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ಕಾಯ್ದೆಯ 194-ಆರ್ ಕಲಮಿನನ್ವಯ, ವರ್ಷದಲ್ಲಿ 20,000 ರೂಪಾಯಿ ಮೀರಿದ ಇಂತಹ ಪ್ರಯೋಜನಕ್ಕೆ ಶೇಕಡಾ 10 ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕಾಯಿತು. ಪ್ರಚಾರಕ್ಕೆಂದು ಪಡೆದ ಮೊಬೈಲನ್ನು ಹಿಂದಿರುಗಿಸಿದರೆ ಅದು ಆದಾಯವಲ್ಲ, ಇಟ್ಟುಕೊಂಡರೆ ಆದಾಯ ಎಂದು ಅದೇ ವರ್ಷದ ಸುತ್ತೋಲೆ ಸ್ಪಷ್ಟಪಡಿಸಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಅಂಗೀಕೃತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆಯೇ ಹೊರತು ತತ್ತ್ವ ಬದಲಾಗಿಲ್ಲ.

ಆಯ್ಕೆಯ ಮಾನದಂಡ

ಹಾಗಾದರೆ ಆರಿಸಿಕೊಳ್ಳುವುದು ಯಾವುದನ್ನು? ಒಂದೇ ವಿಡಿಯೋವನ್ನು ಎಲ್ಲ ಕಡೆಯೂ ಹಾಕಿದರಾಯಿತು, ಹೆಚ್ಚಿನ ಖರ್ಚಿಲ್ಲವಲ್ಲ ಎಂಬ ವಾದವಿದೆ. ಹಾಕುವುದಕ್ಕೆ ಖರ್ಚಿಲ್ಲವೆಂಬುದು ನಿಜ. ಆದರೆ ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುವುದು, ಆಯಾ ವೇದಿಕೆಯ ನಿಯಮಗಳನ್ನು ಅರಿಯುವುದು, ಲೆಕ್ಕ ಇಡುವುದು ಇವೆಲ್ಲಕ್ಕೂ ಸಮಯ ಬೇಕು. ಒಬ್ಬನೇ ನಡೆಸುವ ಉದ್ಯಮದಲ್ಲಿ ಸಮಯವೇ ಬಂಡವಾಳ. ಆದುದರಿಂದ ಮಾಲನ್ನು ಎಲ್ಲ ಕಡೆಯೂ ಹಂಚಿದರೂ ಗಾದಿ ಒಂದೇ ಕಡೆ ಇರುವುದು ಲೇಸು.

ಪಾಠ, ಕೃಷಿ, ದುರಸ್ತಿ, ಕಾನೂನು, ಅಡುಗೆಯ ವಿಧಾನ ಮೊದಲಾದ ತಿಳಿವಳಿಕೆಯ ವಿಷಯಗಳನ್ನು ನೀಡುವವರಿಗೆ ಶಾರ್ಟ್ಸ್ ಸೂಕ್ತ. ಕಿರುವಿಡಿಯೋದಿಂದ ಬಂದ ವೀಕ್ಷಕನನ್ನು ಅದೇ ವೇದಿಕೆಯ ದೀರ್ಘ ವಿಡಿಯೋಗೆ ಕರೆದೊಯ್ಯಬಹುದು. ಹುಡುಕುವವನಿಗೆ ಅದು ವರ್ಷಗಳ ನಂತರವೂ ಸಿಗುತ್ತದೆ. ಸ್ವಂತ ಸರಕನ್ನು ಮಾರುವ ಗೃಹೋದ್ಯಮಿಗೆ ರೀಲ್ಸ್ ಸೂಕ್ತ. ಅವರಿಗೆ ಬೇಕಾದುದು ಜಾಹೀರಾತಿನ ಪಾಲಲ್ಲ, ಆರ್ಡರು. ದೇಶೀಯ ವೇದಿಕೆಗಳಿಂದ ಬಂದುದನ್ನು ಹೆಚ್ಚುವರಿ ಆದಾಯವೆಂದಷ್ಟೇ ಪರಿಗಣಿಸುವುದು ಕ್ಷೇಮ.

ಯಾವುದನ್ನೇ ಆರಿಸಲಿ, ವರ್ಷಾಂತ್ಯದಲ್ಲಿ ನಿರ್ಮಾಪಕನು ತನ್ನ ಅಢಾವೆ ಪತ್ರಿಕೆಯನ್ನು ತಾನೇ ಪ್ರಾಮಾಣಿಕವಾಗಿ ಬರೆದುಕೊಳ್ಳಬೇಕು. ಅನುಯಾಯಿಗಳ ಸಂಖ್ಯೆಯನ್ನು ಆಸ್ತಿಯ ಕಡೆ ಬರೆಯುವ ಮುನ್ನ, ನಾಳೆ ವೇದಿಕೆ ಮುಚ್ಚಿದರೆ ತನ್ನೊಡನೆ ಬರುವುದೇನು ಎಂದು ಕೇಳಿಕೊಳ್ಳಬೇಕು. ವಿಡಿಯೋಗಳ ಮೂಲ ಪ್ರತಿ, ಹಕ್ಕು ಸ್ಪಷ್ಟವಿರುವ ಸಂಗೀತ, ಒಪ್ಪಿಗೆ ಪಡೆದು ಸಂಗ್ರಹಿಸಿದ ಗಿರಾಕಿಗಳ ಪಟ್ಟಿ, ಕಲಿತ ಕಸುಬು ಇವೇ ನಿಜವಾದ ಆಸ್ತಿ. ಉಳಿದುದೆಲ್ಲ ಮಾಲೀಕನ ಮರ್ಜಿಯ ಮೇಲೆ ನಿಂತ ಕೀರ್ತಿಮೌಲ್ಯ.

ಈ ವಿಷಯದಲ್ಲಿ ವರ್ತಕ ಸಮುದಾಯಕ್ಕೂ ಹೊಣೆಯಿದೆ. ಪತ್ರಿಕೆಯ ಜಾಹೀರಾತಿಗೆ ಕರಾರು ಬರೆದು ಹಣ ಕೊಡುವವರು, ಇಪ್ಪತ್ತೆರಡರ ಹರೆಯದ ಹುಡುಗಿಯೊಬ್ಬಳು ಮಾಡಿಕೊಟ್ಟ ವಿಡಿಯೋಗೆ ಒಂದು ಪೆಟ್ಟಿಗೆ ಸಿಹಿಯನ್ನೋ ಒಂದು ಸೀರೆಯನ್ನೋ ಕೊಟ್ಟು ಕೈತೊಳೆದುಕೊಳ್ಳುವುದು ವ್ಯಾಪಾರಧರ್ಮವೆನಿಸದು. ನಿರ್ಮಾಪಕನು ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ಸೇವಾ ಉದ್ಯಮಿಯಾಗಿದ್ದರೆ, 2006ರ ಕಾಯ್ದೆಯಂತೆ ಲಿಖಿತ ಕರಾರಿದ್ದಲ್ಲಿ ಹೆಚ್ಚೆಂದರೆ 45 ದಿನ, ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಸಂದಾಯವಾಗಬೇಕು. ಮೀರಿದರೆ, ಹಣ ಪಾವತಿಸುವ ವರ್ಷದವರೆಗೆ ಆ ಖರ್ಚನ್ನು ಆದಾಯದಿಂದ ಕಳೆಯಲು ಅವಕಾಶವಿಲ್ಲದಂತೆ ಆದಾಯ ತೆರಿಗೆ ಕಾನೂನು ತಿದ್ದುಪಡಿಯಾಗಿ 2024-25ರ ತೆರಿಗೆ ನಿರ್ಧಾರಣ ವರ್ಷದಿಂದ ಜಾರಿಗೆ ಬಂದಿದೆ. ಹಣ ಪಡೆದ ಪ್ರಚಾರವನ್ನು ಪ್ರಚಾರವೆಂದು ವೀಕ್ಷಕರಿಗೆ ತಿಳಿಸುವುದು ಇಬ್ಬರ ಕರ್ತವ್ಯವೂ ಹೌದು.

ವೇದಿಕೆಗಳು ಬರುತ್ತವೆ, ಹೋಗುತ್ತವೆ. ಪೇಟೆಯ ಬೀದಿಗಳೂ ಹಾಗೆಯೇ; ಒಂದು ಕಾಲದಲ್ಲಿ ಕಿಕ್ಕಿರಿದಿದ್ದ ಬೀದಿ ಇನ್ನೊಂದು ಕಾಲದಲ್ಲಿ ನಿರ್ಜನವಾಗುತ್ತದೆ. ಬೀದಿ ಬದಲಾದಾಗಲೂ ಉಳಿದುಕೊಂಡ ಅಂಗಡಿಗಳು ತಮ್ಮ ಗಿರಾಕಿಗಳನ್ನು ಹೆಸರು ಹಿಡಿದು ಬಲ್ಲವು, ತಮ್ಮ ಲೆಕ್ಕವನ್ನು ಆಯಾ ದಿನವೇ ಬರೆದಿಟ್ಟವು. ಕಿರುವಿಡಿಯೋದ ಹೊಸ ವರ್ತಕರಿಗೂ ಇದೇ ಹಳೆಯ ಪಾಠ ಅನ್ವಯಿಸುತ್ತದೆ.