ಲ್ಯಾಬ್ ಡೈರಿ, ಭಾಗ 6: ಹೊಳೆಯೋ ಫೋಟೋ ನಂಬಬೇಡಿ

ಮೊದಲನೇ ಫೋಟೋ ನೋಡಿದ್ರಲ್ಲ? ಕಪ್ಪು ಹಿನ್ನೆಲೆ, ಹಸಿರಾಗಿ ಮಿನುಗೋ ಜೀವಕೋಶಗಳು. ಮೂರು ವಾರದ ಹಿಂದೆ ಸ್ಟೋರಿಗೆ ಹಾಕಿದಾಗ ನೀವೆಲ್ಲ ಬೆಂಕಿ ಇಮೋಜಿ ಕಳಿಸಿದ್ರಿ. ಈಗ ಎರಡನೇದಕ್ಕೆ ಸ್ವೈಪ್ ಮಾಡಿ. ಅದೂ ಅಷ್ಟೇ ಹಸಿರು. ನನ್ನ ಪ್ರಾಜೆಕ್ಟ್ ಹಳ್ಳ ಹಿಡಿದಿದ್ದು ಅಲ್ಲೇ.

ಹಾರ್ಮೋನಿನಂಥ ಸಂದೇಶದ ಅಣು ಜೀವಕೋಶದ ರಿಸೆಪ್ಟರ್ ಮೇಲೆ ಕೂರುತ್ತೆ ಅಂತ ಪಿಯುಸಿಯಲ್ಲೇ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಎಷ್ಟು ಗಟ್ಟಿಯಾಗಿ ಕೂರುತ್ತೆ ಅಂತ ಅಳೆಯೋದು ಹೇಗೆ? ಅಣುವಿಗೆ ಹೊಳೆಯೋ ಬಣ್ಣ ಅಂಟಿಸಿ, ಕೋಶಗಳ ಮೇಲೆ ಹಾಕಿ, ತೊಳೆದು, ಫ್ಲೂರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿ ಬೆಳಕು ಅಳೀತಾರೆ. ಪ್ರಮಾಣ ಹೆಚ್ಚಿಸ್ತಾ ಹೋದ್ರೆ ಹೊಳಪು ಏರಿ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತೆ. ಅರ್ಧ ರಿಸೆಪ್ಟರ್‌ಗಳು ತುಂಬೋ ಸಾಂದ್ರತೆಗೆ ಕೆ-ಡಿ ಅಂತಾರೆ (ಕೇಡಿ ಅಲ್ಲ ಮಗಾ). ಅದು ಕಡಿಮೆ ಇದ್ದಷ್ಟೂ ಹಿಡಿತ ಬಿಗಿ.

ಎಡವೋದು ಎಲ್ಲಿ ಅಂದ್ರೆ, ಬೆಳಗ್ಗೆ ಎಂಟೂವರೆಗೆ ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗೋ ಬಸ್ ನೆನೆಸ್ಕೊಳ್ಳಿ. ಸೀಟೇ ರಿಸೆಪ್ಟರ್. ನಮಗೆ ಕೂತವರ ಲೆಕ್ಕ ಬೇಕು. ಆದ್ರೆ ಹೊರಗಿಂದ ಕಾಣೋದು ಹಸಿರು ಜಾಕೆಟ್‌ಗಳು ಮಾತ್ರ, ಕಂಬಿ ಹಿಡಿದು ನಿಂತವರೂ ಲೆಕ್ಕಕ್ಕೆ ಬಂದ್ಬಿಡ್ತಾರೆ. ಅದಕ್ಕೇ ಇನ್ನೊಂದು ತಟ್ಟೆಯಲ್ಲಿ ಬಣ್ಣ ಇಲ್ಲದ ಅದೇ ಅಣುವನ್ನ ನೂರು ಪಟ್ಟು ಜಾಸ್ತಿ ಸೇರಿಸ್ತಾರೆ. ಸೀಟೆಲ್ಲ ಜಾಕೆಟ್ ಇಲ್ಲದವರ ಪಾಲಾಗುತ್ತೆ. ಆಮೇಲೂ ಕಾಣೋ ಹಸಿರು ನಿಂತವರದ್ದು, ಅದನ್ನ ಕಳೀಬೇಕು.

ನನ್ನ ಎರಡನೇ ಫೋಟೋ ಅದೇ. ಕಳೆದ್ರೆ ಏನೂ ಉಳೀಲಿಲ್ಲ! ಅಣು ಗಾಜಿಗೂ ಸತ್ತ ಕೋಶಗಳಿಗೂ ಅಂಟ್ಕೊಂಡಿತ್ತು. ಸ್ಟೋರಿಗೆ ಹಾಕೋವಾಗ ಕಾಂಟ್ರಾಸ್ಟ್ ಏರಿಸಿದ್ದೂ ನಾನೇ, ಒಪ್ಕೋತೀನಿ.

ಇದನ್ನ ನಮ್ಮೂರಲ್ಲೇ ನೀಟಾಗಿ ಮಾಡಿದ್ರು. ಈಗ ಜಿಕೆವಿಕೆ ಕ್ಯಾಂಪಸ್‌ನಲ್ಲಿರೋ ಎನ್‌ಸಿಬಿಎಸ್‌ನ ರಜತ್ ವರ್ಮಾ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ್ರು. ಅವರದ್ದು ಹಾರ್ಮೋನ್ ಅಲ್ಲ, ಫೋಲಿಕ್ ಆಸಿಡ್. ಗರ್ಭಿಣಿಯರಿಗೆ ಮಾತ್ರೆ ಕೊಡ್ತಾರಲ್ಲ, ಅದೇ ವಿಟಮಿನ್. ಹೊಳೆಯೋ ಫೋಲಿಕ್ ಆಸಿಡ್ ಕೂತಿರೋ ರಿಸೆಪ್ಟರ್‌ಗಳು ಚದುರಿವೆಯೋ, ಗುಂಪಾಗಿವೆಯೋ ಅನ್ನೋದು ಪ್ರಶ್ನೆ. ಸಾಮಾನ್ಯ ಮೈಕ್ರೋಸ್ಕೋಪಿಗೆ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕಿ ಒಂದೇ ಥರ ಕಾಣುತ್ತೆ. ಆದ್ರೆ ಬಣ್ಣದ ಎರಡು ಅಣು ತೀರಾ ಪಕ್ಕದಲ್ಲಿದ್ರೆ ಒಂದರ ಶಕ್ತಿ ಇನ್ನೊಂದಕ್ಕೆ ದಾಟುತ್ತೆ. ಅದನ್ನೇ ಅಳೆದ್ರು. ರಿಸೆಪ್ಟರ್ ಕಡಿಮೆ ಇರೋ ಕಡೆಯೂ ದಾಟೋದು ಕಮ್ಮಿ ಆಗ್ಲಿಲ್ಲ, ಅಂದ್ರೆ 70 ನ್ಯಾನೋಮೀಟರ್‌ಗಿಂತ ಚಿಕ್ಕ ಗುಂಪುಗಳಿವೆ.

ನನಗೆ ಇಷ್ಟವಾಗಿದ್ದು ಮಾತ್ರ ಅವರ ಕಂಟ್ರೋಲ್. ಅದೇ ರಿಸೆಪ್ಟರ್, ಕೋಶದ ಪೊರೆಗೆ ನೆಟ್ಟಿರೋ ಬೇರು ಮಾತ್ರ ಬೇರೆ. ಅದ್ರಲ್ಲಿ ಸಾಂದ್ರತೆ ಇಳಿದ ಹಾಗೆ ದಾಟೋದೂ ಇಳೀತು. ಈ ಹೋಲಿಕೆ ಇಲ್ದೆ ‘ಗುಂಪಿದೆ’ ಅಂದಿದ್ರೆ ಯಾರು ನಂಬ್ತಿದ್ರು?

ನಮ್ಮ ರಿಪೋರ್ಟ್‌ಗಳಲ್ಲಿ ಕಂಟ್ರೋಲ್ ಫೋಟೋನೇ ಇರಲ್ಲ. ‘ವೈವಾದಲ್ಲಿ ಯಾರೂ ಕೇಳಲ್ಲ, ಎರಡನೇದನ್ನ ಬಿಟ್ಬಿಡು’ ಅಂದ್ರು ಕ್ಲಾಸಲ್ಲಿ. ಅದೇ ಎಕ್ಸ್‌ಪೋಶರ್‌ನ ಕಂಟ್ರೋಲ್ ಪಕ್ಕದಲ್ಲಿಲ್ಲದ ಫೋಟೋಗೆ ಮಾರ್ಕ್ಸೇ ಕೊಡಬಾರದು ಅಂತೀನಿ ನಾನು. ಬೈಕೊಳ್ಳಿ. ನನ್ನ ರಿಪೋರ್ಟಲ್ಲಿ ಎರಡೂ ಅಕ್ಕಪಕ್ಕ ಇವೆ, ಎಡಿಟ್ ಮಾಡದೆ.

ಸೋಮವಾರ ಗಾಜಿಗೆ ಮೊದಲು ಪ್ರೋಟೀನ್ ಲೇಪ ಹಾಕಿ ಮತ್ತೆ ಶುರು. ಈ ಸಲ ಎರಡನೇ ಫೋಟೋ ಪೂರ್ತಿ ಕಪ್ಪಾಗಿ ಬಂದ್ರೆ ಹಾಕ್ತೀನಿ, ಬೆಂಕಿ ಇಮೋಜಿ ಆಗ ಕಳಿಸಿ.