ಒಣಗಿದ ಎಲೆಯ ಸಾಕ್ಷ್ಯ: ಒಂದು ಪತಂಗದ ಮೂಲನೆಲೆ ಮತ್ತು ಆಕರಗಳ ಸಂರಕ್ಷಣೆ

ಆಕರವೊಂದನ್ನು ಒಮ್ಮೆ ಓದಿ ಪ್ರಕಟಿಸಿದ ಮೇಲೆ ಅದರ ಪ್ರಯೋಜನ ಮುಗಿಯಿತೆಂಬ ಭಾವನೆ ವಿದ್ವತ್ ವಲಯದಲ್ಲಿ ಇಲ್ಲದಿಲ್ಲ. ಪಾಠ ಅಚ್ಚಾದ ಬಳಿಕ, ಛಾಯಾಪ್ರತಿ ಗಣಕಯಂತ್ರವನ್ನು ಸೇರಿದ ಬಳಿಕ, ಮೂಲದ ಓಲೆಕಟ್ಟು ಕಪಾಟಿಗೆ ಹೊರೆಯಾಗಿ ಕಾಣತೊಡಗುತ್ತದೆ. ಈ ಧೋರಣೆ ಎಷ್ಟು ಅಪಾಯಕಾರಿ ಎಂಬುದನ್ನು ಮನಗಾಣಿಸುವ ನಿದರ್ಶನವೊಂದು ಕೀಟಶಾಸ್ತ್ರದಿಂದ ದೊರೆಯುತ್ತದೆ.

ಯುರೋಪಿನ ನಗರಗಳಲ್ಲಿ ನೆರಳಿಗಾಗಿ ಬೆಳೆಸುವ ಸಾಲುಮರಗಳಲ್ಲಿ ಹಾರ್ಸ್ ಚೆಸ್ಟ್‌ನಟ್ ಪ್ರಮುಖವಾದುದು. ಅದರ ಎಲೆಯ ಪದರಗಳ ನಡುವೆ ಸುರಂಗ ಕೊರೆದು ತಿನ್ನುವ ಹುಳುವೊಂದರಿಂದ ಬೇಸಿಗೆಯಲ್ಲೇ ಇಡೀ ಮರ ಕಂದುಬಣ್ಣಕ್ಕೆ ತಿರುಗುತ್ತದೆ. ಕೆಲವೇ ಮಿಲಿಮೀಟರ್ ಉದ್ದದ ಪತಂಗದ ಮರಿಹುಳು ಇದು. 1984ರಲ್ಲಿ ಮ್ಯಾಸಿಡೋನಿಯದ ಓಹ್ರಿಡ್ ಸರೋವರದ ಬಳಿ ಇದರ ಹಾವಳಿ ಗಮನಕ್ಕೆ ಬಂದಿತು. 1986ರಲ್ಲಿ ಡೆಷ್ಕಾ ಮತ್ತು ಡಿಮಿಚ್ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿ 'ಕ್ಯಾಮೆರಾರಿಯ ಓಹ್ರಿಡೆಲ್ಲ' ಎಂದು ಹೆಸರಿಸಿದರು. 1989ರಲ್ಲಿ ಆಸ್ಟ್ರಿಯದಲ್ಲಿ, 2002ರಲ್ಲಿ ಇಂಗ್ಲೆಂಡಿನಲ್ಲಿ ಇದು ಕಾಣಿಸಿಕೊಂಡಿತು.

ಇದು ಬಂದುದೆಲ್ಲಿಂದ? ಈ ಕುಲದ ಬಹುಪಾಲು ಪ್ರಭೇದಗಳು ಉತ್ತರ ಅಮೆರಿಕದವು. ಆದ್ದರಿಂದ ಇದೂ ಹೊರಗಿನಿಂದ ಬಂದಿರಬಹುದೆಂಬ, ಇಲ್ಲವೆ ಬೇರೊಂದು ಜಾತಿಯ ಮರದಿಂದ ಈಚೆಗೆ ಈ ಮರಕ್ಕೆ ದಾಟಿರಬಹುದೆಂಬ ಊಹೆಗಳಿದ್ದವು. ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಮೂಲನೆಲೆ ತಿಳಿಯದೆ ಹುಳುವಿನ ಸಹಜ ಶತ್ರುಗಳನ್ನು ಎಲ್ಲಿ ಅರಸಬೇಕೆಂಬುದೂ ತಿಳಿಯದು.

ಉತ್ತರ ದೊರೆತದ್ದು ಕೀಟಗಳ ಪೆಟ್ಟಿಗೆಯಲ್ಲಲ್ಲ, ಸಸ್ಯಸಂಗ್ರಹಾಲಯದ ಹಾಳೆಗಳಲ್ಲಿ. ಸಸ್ಯವಿಜ್ಞಾನಿಗಳು ಮರದ ಗುರುತಿಗಾಗಿ ಒತ್ತಿ ಒಣಗಿಸಿ ಇರಿಸಿದ್ದ ಎಲೆಗಳನ್ನು ಡೇವಿಡ್ ಲೀಸ್, ವಾಲ್ಟರ್ ಲ್ಯಾಕ್ ಮತ್ತು ಸಂಗಡಿಗರು ಪರಿಶೀಲಿಸಿದರು. ಥಿಯೋಡರ್ ಫಾನ್ ಹೆಲ್ಡ್‌ರೈಖ್ 1879ರಲ್ಲಿ ಗ್ರೀಸಿನಲ್ಲಿ ಸಂಗ್ರಹಿಸಿದ್ದ ಎಲೆಗಳಲ್ಲಿ ಸುರಂಗಗಳೂ ಅವುಗಳೊಳಗೆ ಒಣಗಿದ ಮರಿಹುಳುಗಳೂ ಇದ್ದವು. ಹಳೆಯ ಹಾಳೆಗಳ ಇಂಥ ಹುಳುಗಳಿಂದ ಪಡೆದ ಡಿಎನ್‌ಎ ತುಣುಕುಗಳು ಅವುಗಳ ಗುರುತನ್ನು ಖಚಿತಪಡಿಸಿದವು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಮರ ಮತ್ತು ಪತಂಗದ ಸಂಬಂಧದ ಜ್ಞಾತ ಇತಿಹಾಸ ನೂರು ವರ್ಷಗಳಿಗೂ ಹೆಚ್ಚು ಹಿಂದಕ್ಕೆ ಸರಿಯಿತು. ಬಾಲ್ಕನ್ ಪ್ರದೇಶವೇ ಮೂಲನೆಲೆ ಎಂಬ ವಾದಕ್ಕೆ ಬಲ ಬಂದಿತು. ಅದುವರೆಗೆ ದಾಖಲಾಗದ, 1961ರಷ್ಟು ಹಿಂದಿನ ಹಾವಳಿಗಳೂ ಅದೇ ಹಾಳೆಗಳಿಂದ ಬೆಳಕಿಗೆ ಬಂದವು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಹೆಸರಿಟ್ಟ ವರ್ಷ ಹುಟ್ಟಿದ ವರ್ಷವಲ್ಲ. ಹಲ್ಮಿಡಿ ಶಾಸನದ ಕಾಲವೇ ಕನ್ನಡದ ಹುಟ್ಟಿನ ಕಾಲವಲ್ಲವೆಂದು ಬಲ್ಲವರಿಗೆ ಈ ವಿವೇಕ ಹೊಸತೇನಲ್ಲ. ಎರಡು, ಸಂಗ್ರಾಹಕನ ದೃಷ್ಟಿಯಲ್ಲಿ ದೋಷವಾಗಿದ್ದುದೇ ಮುಂದಿನವರಿಗೆ ಪ್ರಮಾಣವಾಯಿತು. ಹೆಲ್ಡ್‌ರೈಖ್ ಸಂಗ್ರಹಿಸಿದ್ದು ಎಲೆಯನ್ನು. ಹುಳು ತಾನಾಗಿ ಅದರೊಡನೆ ಬಂದಿತ್ತು. ಅವನು ಕಳಂಕವಿಲ್ಲದ ಎಲೆಗಳನ್ನಷ್ಟೇ ಆರಿಸಿದ್ದರೆ ಈ ಸಾಕ್ಷ್ಯ ಉಳಿಯುತ್ತಿರಲಿಲ್ಲ. ಹಾಗೆ ಆರಿಸುವವರೂ ಇರುವುದರಿಂದಲೇ, ಹಾಳೆಯೊಂದರಲ್ಲಿ ಸುರಂಗ ಕಾಣದ ಮಾತ್ರಕ್ಕೆ ಆ ಸ್ಥಳದಲ್ಲಿ ಪತಂಗವಿರಲಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಮೂಲವನ್ನು ಮುಟ್ಟದೆ ಇಂಥ ಪರೀಕ್ಷೆ ಸಾಧ್ಯವಿಲ್ಲ ಎಂಬ ಆಕ್ಷೇಪಣೆಯನ್ನೂ ಪರಿಗಣಿಸಬೇಕು. ಡಿಎನ್‌ಎ ತೆಗೆಯಲು ಮಾದರಿಯ ಒಂದಂಶವನ್ನು ಕಳೆದುಕೊಳ್ಳಲೇಬೇಕಾಗುತ್ತದೆ. ಆದ್ದರಿಂದ ಅನುಮತಿ, ಮಿತಿ ಮತ್ತು ದಾಖಲೆ ಅನಿವಾರ್ಯ. ಆದರೆ ಕಳೆದುಕೊಳ್ಳುವುದಕ್ಕಾದರೂ ಮೂಲವು ಮೊದಲು ಉಳಿದಿರಬೇಕಷ್ಟೆ. 1879ರ ಆ ಎಲೆಯ ಚಿತ್ರವೊಂದೇ ಉಳಿದಿದ್ದರೆ ಸುರಂಗದ ಗೆರೆ ಕಾಣುತ್ತಿತ್ತು, ಹುಳು ಸಿಗುತ್ತಿರಲಿಲ್ಲ.

ಹಸ್ತಪ್ರತಿಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಸಂಪಾದಿತ ಆವೃತ್ತಿ ಪಾಠವನ್ನು ಉಳಿಸಬಲ್ಲದು. ಗರಿ, ಮಸಿ, ಹುಳು ತಿಂದ ರಂಧ್ರ, ಕಟ್ಟಿದ ದಾರಗಳನ್ನು ಉಳಿಸಲಾರದು. ಅವುಗಳನ್ನು ಪ್ರಶ್ನಿಸುವ ವಿದ್ವಾಂಸರು ಇನ್ನೂ ಹುಟ್ಟಿರಲಿಕ್ಕಿಲ್ಲ. ಅವರು ಬರುವವರೆಗೆ ಆಕರಗಳನ್ನು ಕಾಪಾಡುವುದು ಸಂಪಾದನೆಯಷ್ಟೇ ಹೊಣೆಯ ಸಂಶೋಧನಕಾರ್ಯವಾಗಿದೆ.